ಗೋಡೆಯ ಮೇಲಿನ ಮೀನು

ನಮ್ಮ ಮನೆಯಲ್ಲಿ ಟಿವಿ ಪಕ್ಕದ ಗೋಡೆಗೆ ಒಂದು ಫೋಟೋ ಇದೆ. ಸೊಂಟದ ಮಟ್ಟ ನೀರಿನಲ್ಲಿ ನಾನು ನಿಂತಿದ್ದೇನೆ. ಎರಡು ಕೈಯಲ್ಲೂ ತಬ್ಬಿ ಹಿಡಿದ ಒಂದು ಮೀನು. ಹಿಂದೆ ಬಂಡೆಗಳು, ಬಂಡೆಗಳ ಹಿಂದೆ ಹೊಳೆಮತ್ತಿ ಮರಗಳ ಸಾಲು. ನನ್ನ ತಲೆಯಲ್ಲಿ ಇನ್ನೂ ಕೂದಲಿದೆ. ಮನೆಗೆ ಬಂದವರೆಲ್ಲ ಕಾಫಿ ಲೋಟ ಹಿಡಿದುಕೊಂಡು ಅದರ ಮುಂದೆ ಒಂದು ನಿಮಿಷ ನಿಲ್ಲುತ್ತಾರೆ. ‘ಇದ್ಯಾವ ಮೀನು?’ ಅಂತ ಕೇಳುತ್ತಾರೆ. ‘ಮಹಶೀರ್. ಕಾವೇರಿದು’ ಅಂತ ಹೇಳುತ್ತಿದ್ದೆ. ಹದಿನಾಲ್ಕು ವರ್ಷ ಹಾಗೇ ಹೇಳಿದೆ. ಅದರಲ್ಲಿ ಮೊದಲ ಮಾತು ಸರಿ. ಎರಡನೆಯದು ತಪ್ಪು.

2004ರ ಫೆಬ್ರವರಿ. ಆಫೀಸಿನ ಇಬ್ಬರು ಗೆಳೆಯರ ಜೊತೆ ಗಾಳಿಬೋರೆಗೆ ಹೋಗಿದ್ದೆ. ಕನಕಪುರ ದಾಟಿ, ಸಂಗಮದ ದಾರಿ ಹಿಡಿದು, ಕಾಡೊಳಗೆ ಜೀಪಿನಲ್ಲಿ ಕುಲುಕಾಡಿಕೊಂಡು ಹೋದರೆ ಹೊಳೆದಂಡೆಯಲ್ಲಿ ಗಾಳಗಾರರ ಕ್ಯಾಂಪ್. ಆಗ ಅಲ್ಲಿ ಮೀನು ಹಿಡಿಯಬಹುದಿತ್ತು. ಹಿಡಿದು, ತೂಕ ಹಾಕಿ, ಫೋಟೋ ತೆಗೆಸಿಕೊಂಡು ವಾಪಸ್ ಬಿಡಬೇಕು. ಅದು ನಿಯಮ.

ನಮಗೆ ಸಿಕ್ಕ ಗೈಡು ಐವತ್ತರ ಆಸುಪಾಸಿನವರು. ಹೊಳೆ ಪಕ್ಕದ ಹಳ್ಳಿಯವರೇ. ಬೆಳಿಗ್ಗೆ ಐದೂವರೆಗೆ ಬುಟ್ಟಿಯಂಥ ತೆಪ್ಪದಲ್ಲಿ ಕೂರಿಸಿಕೊಂಡು ಒಂದು ಬಂಡೆಗೆ ತಂದು ಬಿಟ್ಟರು. ಗಾಳಕ್ಕೆ ಸಿಕ್ಕಿಸಿದ್ದು ಏನು ಗೊತ್ತಾ? ರಾಗಿ. ಹಿಟ್ಟು ಕಲಸಿ, ಉಂಡೆ ಕಟ್ಟಿ, ಬೇಯಿಸಿದ್ದು. ನಿಂಬೆಹಣ್ಣಿನ ಗಾತ್ರ. ನಾವು ತಿನ್ನುವ ಮುದ್ದೆಗೂ ಅದಕ್ಕೂ ಜಾಸ್ತಿ ವ್ಯತ್ಯಾಸ ಇರಲಿಲ್ಲ. ‘ಏನೂ ಆಗದೆ ಇದ್ರೆ ನಾವೇ ತಿನ್ನೋಣ’ ಅಂತ ಗೆಳೆಯ ಅಂದ. ಗೈಡು ನಗಲಿಲ್ಲ. ಅವರ ಬೆರಳು ದಾರದ ಮೇಲೇ ಇತ್ತು.

ಎರಡು ಗಂಟೆ ಏನೂ ಇಲ್ಲ. ಆಮೇಲೆ ರೀಲು ಕಿರುಚಿತು. ಅದನ್ನು ವರ್ಣಿಸಲು ಹೋಗುವುದಿಲ್ಲ, ಗಾಳದವರ ಕತೆಗಳಲ್ಲಿ ಮೀನು ಪ್ರತಿ ಸಲ ಒಂದು ಕಿಲೋ ಬೆಳೆಯುತ್ತದೆ. ಇಪ್ಪತ್ತು ನಿಮಿಷದ ನಂತರ ಎಂಟು ಕಿಲೋದ ಮೀನು ನನ್ನ ಕೈಯಲ್ಲಿತ್ತು. ಕೈ ನಡುಗುತ್ತಿತ್ತು. ನಾನು ಕೂಗಾಡುತ್ತಿದ್ದೆ. ಗೈಡು ಮಾತ್ರ ಅದರ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿ ಹೇಳಿದರು.

‘ಚೆನ್ನಾಗದೆ ಸಾ. ಆದ್ರೆ ಇದು ಆ ಮೀನಲ್ಲ. ಬೆನ್ನು ನೋಡಿ, ಗೂನೇ ಇಲ್ಲ. ಇದು ಆಮ್ಯಾಕೆ ಬಂದಿರೋದು.’

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಫೋಟೋ ತೆಗೆಯುವ ಗಡಿಬಿಡಿ.

ಆ ಮಾತು ಮತ್ತೆ ನೆನಪಾಗಿದ್ದು 2018ರಲ್ಲಿ. ಕಾವೇರಿಯ ಗೂನುಬೆನ್ನಿನ ಮಹಶೀರ್‌ಗೆ ಕೊನೆಗೂ ವೈಜ್ಞಾನಿಕ ಹೆಸರು ಗಟ್ಟಿಯಾಯಿತು ಅಂತ ಒಂದು ಸುದ್ದಿ ಓದಿದೆ. ಸುಮ್ನೆ ಕುತೂಹಲಕ್ಕೆ ಚಿತ್ರಗಳನ್ನು ನೋಡಿದೆ. ಬಂಗಾರದ ಬಣ್ಣದ ದಪ್ಪ ಮೈ. ತಲೆಯ ಹಿಂದಿನಿಂದಲೇ ಗಕ್ಕನೆ ಎದ್ದ ಬೆನ್ನು. ಕಿತ್ತಳೆ ಬಣ್ಣದ ರೆಕ್ಕೆ, ಬಾಲ. ಎದ್ದು ಹೋಗಿ ಗೋಡೆಯ ಫೋಟೋ ನೋಡಿದೆ. ನನ್ನ ಮೀನಿನ ಬೆನ್ನು ನೀಟಾಗಿ ಇಳಿಜಾರು. ರೆಕ್ಕೆಗಳು ನೀಲಿ ಬೂದು.

ಗೈಡು ಹೇಳಿದ್ದು ಸರಿಯಿತ್ತು. ವಿಜ್ಞಾನಿಗಳು ಹೆಸರು ಗಟ್ಟಿಮಾಡುವುದಕ್ಕೆ ಹದಿನಾಲ್ಕು ವರ್ಷ ಮೊದಲೇ, ಬೆನ್ನ ಮೇಲೆ ಒಂದು ಸಲ ಕೈಯಾಡಿಸಿ ಹೇಳಿಬಿಟ್ಟಿದ್ದರು.

ಆ ‘ಆ ಮೀನು’ ಯಾವುದು ಅಂತ ಸ್ವಲ್ಪ ಹೇಳಬೇಕು. ಮಹಶೀರ್ ಅನ್ನುವುದು ಒಂದು ಮೀನಿನ ಹೆಸರಲ್ಲ, ಒಂದು ಮನೆತನದ ಹೆಸರು. ಹಿಮಾಲಯದ ಹೊಳೆಗಳಲ್ಲಿ ಒಂದು ಮಹಶೀರ್ ಇದೆ, ಈಶಾನ್ಯದಲ್ಲಿ ಬೇರೆ, ಪಶ್ಚಿಮ ಘಟ್ಟದಲ್ಲಿ ಬೇರೆ. ಇವೆಲ್ಲದರಲ್ಲೂ ದೊಡ್ಡದಾಗಿ ಬೆಳೆಯುವುದು ನಮ್ಮ ಗೂನುಬೆನ್ನಿನದು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಗಾಳ ಹಾಕಿ ಹಿಡಿದ ಮೀನು 120 ಪೌಂಡ್ ತೂಗಿತ್ತು. ಅಂದರೆ ಸುಮಾರು 54 ಕಿಲೋ. ರಾಜಮಹಾರಾಜರು ಹೊಡೆದ ಹುಲಿಗಳ ಚರ್ಮ ಹದಮಾಡಿ ಜೀವಂತದಂತೆ ನಿಲ್ಲಿಸುತ್ತಿದ್ದ ಮನೆತನ ಅದು. ಆ ತೂಕವನ್ನು ಮೀರಿಸಿದ ಮಹಶೀರ್ ಗಾಳದ ದಾಖಲೆಯಲ್ಲಿ ಇವತ್ತಿಗೂ ಇಲ್ಲ.

ಇಷ್ಟು ದೊಡ್ಡ ಮೀನಿನ ದವಡೆಯಲ್ಲಿ ಒಂದೂ ಹಲ್ಲಿಲ್ಲ. ಹಲ್ಲು ಇರುವುದು ಗಂಟಲಲ್ಲಿ. ಏಡಿಯನ್ನು ಹಾಗೇ ನುಂಗಿ ಗಂಟಲಲ್ಲೇ ಪುಡಿ ಮಾಡುತ್ತದೆ. ದಪ್ಪ ತುಟಿ. ಅಂಗೈ ಅಗಲದ ಹುರುಪೆ. ನಿಂತ ನೀರು ಇದಕ್ಕೆ ಆಗುವುದಿಲ್ಲ. ಬಂಡೆಗೆ ಬಡಿದು ನೊರೆಯೇಳುವ ನೀರು, ಅದರ ಪಕ್ಕದಲ್ಲೇ ಆಳವಾದ ಮಡು, ಎರಡೂ ಬೇಕು. ಮಳೆಗಾಲದಲ್ಲಿ ಹೊಸನೀರು ಬಂದಾಗ ಮೇಲಕ್ಕೆ ಹತ್ತಿ, ಜಲ್ಲಿಕಲ್ಲು ಹಾಸಿದ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ನಿಧಾನಕ್ಕೆ ಬೆಳೆಯುತ್ತದೆ. ಬಹಳ ವರ್ಷ ಬದುಕುತ್ತದೆ.

ಮತ್ತೆ ಇದು ಇರುವುದು ಕಾವೇರಿಯಲ್ಲಿ, ಅದರ ಉಪನದಿಗಳಲ್ಲಿ. ಅಷ್ಟೇ. ಕೃಷ್ಣೆಯಲ್ಲಿಲ್ಲ, ತುಂಗಭದ್ರೆಯಲ್ಲಿಲ್ಲ, ಘಟ್ಟದ ಆಚೆಗೆ ಹರಿಯುವ ನೇತ್ರಾವತಿಯಲ್ಲಿಲ್ಲ. ಜಗತ್ತಿನ ಮತ್ತೆಲ್ಲೂ ಇಲ್ಲ. ಭೂಪಟದಲ್ಲಿ ಕಾವೇರಿಯ ಮೇಲೆ ಬೆರಳಿಟ್ಟರೆ ಅದರ ಇಡೀ ಜಗತ್ತು ಮುಚ್ಚಿಹೋಗುತ್ತದೆ.

ಇಷ್ಟು ಹೆಸರುವಾಸಿ ಮೀನಿಗೆ 2018ರವರೆಗೆ ಸರಿಯಾದ ಹೆಸರೇ ಇರಲಿಲ್ಲ ಅನ್ನುವುದನ್ನು ಮೊದಲು ನಾನು ನಂಬಲಿಲ್ಲ. ಬ್ರಿಟಿಷರ ಕಾಲದಿಂದ ಸಾಹೇಬರು ಇದನ್ನು ಹಿಡಿದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ತೂಕ ಬರೆದಿಟ್ಟರು. ಇದು ಯಾವ ಜಾತಿ ಅಂತ ಕೂತು ಸರಿಯಾಗಿ ಬಗೆಹರಿಸಿದವರಿಲ್ಲ. ಬಹಳ ಕಾಲ ‘ಮುಸುಲ್ಲಾ’ ಅಂತ ಬೇರೆ ಮೀನಿನ ಹೆಸರನ್ನು ಇದಕ್ಕೆ ಅಂಟಿಸಿದ್ದರು. ಆ ಹೆಸರಿನ ನಿಜವಾದ ಯಜಮಾನ ಮಹಶೀರೇ ಅಲ್ಲ. ಇನ್ನು ಕೆಲವರು ‘ದಕ್ಷಿಣದ ಮಹಶೀರ್’ ಅಂತ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿಬಿಟ್ಟರು.

ಹೆಸರು ಸಿಕ್ಕಿದ್ದು ಯಾರೂ ಹುಡುಕದ ಕಡೆಯಿಂದ. ಕೇರಳದಲ್ಲಿ ಪೂರ್ವಕ್ಕೆ ಹರಿಯುವ ನದಿಗಳು ಮೂರೇ. ಅದರಲ್ಲೊಂದು ಪಾಂಬಾರ್. ಚಿನ್ನಾರ್ ಕಾಡಿನ ಹತ್ತಿರ ಹರಿದು, ಅಮರಾವತಿಯ ಮೂಲಕ ಕಾವೇರಿ ಸೇರುತ್ತದೆ. ಆ ಹೊಳೆಯ ಚಿಕ್ಕ ಮೀನುಗಳನ್ನು ನೋಡಿ ಇಬ್ಬರು ವಿಜ್ಞಾನಿಗಳು 2018ಕ್ಕೂ ಮೊದಲೇ ‘ಟಾರ್ ರೆಮಾದೇವಿ’ ಅಂತ ಒಂದು ಹೊಸ ಜಾತಿಯನ್ನು ಹೆಸರಿಸಿದ್ದರು. ಅವು ದೊಡ್ಡದಾದರೆ ಕಾವೇರಿಯ ದೈತ್ಯ ಆಗುತ್ತದೆ ಅಂತ ಯಾರಿಗೂ ಹೊಳೆದಿರಲಿಲ್ಲ. ಮೀನುಗಳನ್ನು ಅಭ್ಯಾಸ ಮಾಡುವ ವಿಜ್ಞಾನಿಗಳಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಅವರ ಜೊತೆಯವರು ಕಾವೇರಿ ಕಣಿವೆಯದೇ ಆದ ಮೋಯಾರ್ ಹೊಳೆಯಲ್ಲಿ ಸಿಕ್ಕ ಗೂನುಬೆನ್ನಿನ ಮೀನನ್ನೂ ಪಾಂಬಾರಿನ ಮೀನನ್ನೂ ಅಕ್ಕಪಕ್ಕ ಇಟ್ಟು, ಮೈಯಳತೆ ನೋಡಿ, ಡಿಎನ್‌ಎ ಹೋಲಿಸಿ, ಎರಡೂ ಒಂದೇ ಅಂತ ತೋರಿಸಿದರು.

ರೆಮಾದೇವಿ ಅಂದರೆ ಡಾ. ಕೆ. ರೆಮಾದೇವಿ, ದಕ್ಷಿಣದ ಹೊಳೆಮೀನುಗಳನ್ನು ಅಭ್ಯಾಸ ಮಾಡಿದ ವಿಜ್ಞಾನಿ. ಇಲ್ಲೊಂದು ತಮಾಷೆ ಇದೆ. ಹೆಂಗಸಿನ ಗೌರವಕ್ಕೆ ಹೆಸರಿಡುವಾಗ ಲ್ಯಾಟಿನ್ ವ್ಯಾಕರಣದಲ್ಲಿ ಒಂದು ಬಾಲ, ಗಂಡಸಿಗೆ ಇನ್ನೊಂದು ಬಾಲ. ಈ ಮೀನಿಗೆ ಗಂಡಸಿನ ಬಾಲ ಅಂಟಿಕೊಂಡಿದೆ. ಅಷ್ಟು ಕಾಲ ಕಾದು ಹೆಸರು ಸಿಕ್ಕರೆ ಅದರಲ್ಲೂ ಒಂದು ಕಾಗುಣಿತದ ತಪ್ಪು!

ಹೆಸರು ಸಿಕ್ಕಿದ್ದರಿಂದ ಒಂದು ಕೆಲಸ ಆಯಿತು. ಹೆಸರಿಲ್ಲದ ಜೀವಿಯನ್ನು ಪಟ್ಟಿಗೆ ಸೇರಿಸುವುದು ಕಷ್ಟ. ಅದೇ 2018ರಲ್ಲಿ, ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರ ಅಂತ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಗೆ ಇದು ಸೇರಿತು. ಸೇರಿದ್ದೇ ‘ತೀವ್ರ ಅಪಾಯದಲ್ಲಿರುವ’ ಜೀವಿಗಳ ಸಾಲಿಗೆ. ಅದರಾಚೆಗೆ ಉಳಿದಿರುವುದು ಕಾಡಲ್ಲಿ ಇಲ್ಲ, ಎಲ್ಲೂ ಇಲ್ಲ ಅನ್ನುವ ಎರಡೇ ಮೆಟ್ಟಿಲು. ಹುಲಿ ಕೂಡ ಆ ಪಟ್ಟಿಯಲ್ಲಿ ಇದಕ್ಕಿಂತ ಒಂದು ಮೆಟ್ಟಿಲು ಈಚೆಗಿದೆ.

ಹಾಗಾದರೆ ನನ್ನ ಗೋಡೆಯ ಮೇಲಿರುವ ಮೀನು ಯಾವುದು? ಅದರ ಕತೆ ಪುಣೆಯ ಕಡೆ ಶುರುವಾಗುತ್ತದೆ.

ಅದು ಟಾರ್ ಖುದ್ರಿ, ನೀಲಿರೆಕ್ಕೆಯ ಮಹಶೀರ್. ಸೈಕ್ಸ್ ಅನ್ನುವ ಬ್ರಿಟಿಷ್ ಅಧಿಕಾರಿ 1839ರಲ್ಲಿ ಪುಣೆ ಹತ್ತಿರದ ಮುಳಾ-ಮುಠಾ ಹೊಳೆಯಿಂದ ವರ್ಣಿಸಿದ ಮೀನು. ಕೃಷ್ಣಾ ಕಣಿವೆ ಅದರ ತವರು. 1970ರ ದಶಕದಲ್ಲಿ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ತಮ್ಮ ಜಲಾಶಯದ ಪಕ್ಕ ಮಹಶೀರ್ ಮರಿ ಮಾಡುವ ಕೇಂದ್ರ ನಡೆಸಲು ಶುರುಮಾಡಿದರು. ದೇಶದಲ್ಲೆಲ್ಲ ಮಹಶೀರ್ ಕಡಿಮೆಯಾಗುತ್ತಿದೆ ಅನ್ನುವ ಕಾಳಜಿ ಅದರ ಹಿಂದಿತ್ತು. ಕೈಯಿಂದ ಮೊಟ್ಟೆ ಹಿಂಡಿ ತೆಗೆದು, ಮರಿ ಮಾಡಿ, ಬೆಳೆಸುವುದನ್ನು ಕಲಿತರು. ಆ ಕಾಲಕ್ಕೆ ಅದು ಸಣ್ಣ ಕೆಲಸವೇನಲ್ಲ. ಲಕ್ಷಗಟ್ಟಲೆ ಮರಿಗಳನ್ನು ಬೇರೆ ಬೇರೆ ರಾಜ್ಯಗಳಿಗೆ ಕೊಟ್ಟರು. ಕಾವೇರಿಗೂ ಬಂದವು. ಗಾಳದವರು, ಅಧಿಕಾರಿಗಳು, ನದಿಪ್ರೇಮಿಗಳು ಎಲ್ಲರೂ ಖುಷಿಪಟ್ಟರು. ಮಹಶೀರ್ ಇದ್ದ ಹೊಳೆಗೆ ಮಹಶೀರ್ ಮರಿ ಬಿಟ್ಟರೆ ಏನು ತಪ್ಪು, ಅಲ್ವಾ?

ತಪ್ಪು ಏನಾಯಿತು ಅಂತ ಹೇಳಿದ್ದು ಗಾಳಿಬೋರೆ ಕ್ಯಾಂಪಿನ ದಾಖಲೆ. ಅಲ್ಲಿ ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಮೀನು ಸಿಕ್ಕಿತು, ತೂಕ ಎಷ್ಟು ಅಂತ ದಿನವೂ ಬರೆದಿಡುತ್ತಿದ್ದರು. ನನ್ನ ಎಂಟು ಕಿಲೋವನ್ನೂ ಗೈಡು ಬರೆಸಿದ್ದು ನೆನಪಿದೆ. 1998ರಿಂದ 2012ರವರೆಗಿನ ಈ ಲೆಕ್ಕವನ್ನು ಪಿಂಡರ್ ಮತ್ತು ಜೊತೆಯವರು ಕೂತು ಬಿಡಿಸಿದರು. 6161 ಮೀನು, 23620 ಗಂಟೆಗಳ ಗಾಳ. ಮೇಲಿಂದ ನೋಡಿದರೆ ಹಬ್ಬ. ವರ್ಷ ಕಳೆದಂತೆ ಗಂಟೆಗೆ ಸಿಗುವ ಮಹಶೀರ್ ಜಾಸ್ತಿಯಾಗುತ್ತಲೇ ಹೋಗಿದೆ. ‘ಹಿಡಿದು ಬಿಡುವ ನಿಯಮದಿಂದ ನದಿ ತುಂಬಿತು’ ಅಂತ ಬೆನ್ನು ತಟ್ಟಿಕೊಳ್ಳಬಹುದಿತ್ತು.

ಆದರೆ ದಾಖಲೆಯಲ್ಲಿ ನೀಲಿ ರೆಕ್ಕೆಯದು ಬೇರೆ, ಗೂನಿನದು ಬೇರೆ ಅಂತ ಗುರುತಿಸಿದ್ದರು. ಅದನ್ನು ಬಿಡಿಸಿ ನೋಡಿದಾಗ ಏರಿದ್ದು ಪೂರ್ತಿ ನೀಲಿಯದು. ಗೂನುಬೆನ್ನಿನದು ಕಡಿಮೆಯಾಗುತ್ತ ಬಂದಿತ್ತು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಸಿಕ್ಕ ಗೂನುಮೀನುಗಳ ಸರಾಸರಿ ತೂಕ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಗಿತ್ತು. ಕೇಳಿದರೆ ಒಳ್ಳೆಯದು ಅನ್ನಿಸುತ್ತದೆ. ಆದರೆ ಮರಿಗಳು ಸಿಗುತ್ತಲೇ ಇಲ್ಲ ಅಂತ ಅದರ ಅರ್ಥ. ಮಕ್ಕಳೆಲ್ಲ ಊರು ಬಿಟ್ಟು, ಜಗಲಿಗಳಲ್ಲಿ ಮುದುಕರಷ್ಟೇ ಉಳಿದ ಹಳ್ಳಿಗಳು ನಮ್ಮ ಕಡೆ ಇವೆಯಲ್ಲ, ಹಾಗೆ. ಅಂಥ ಊರಿನಲ್ಲೂ ತಲೆಯೆಣಿಕೆ ಮಾಡಿದರೆ ಕೆಲವು ವರ್ಷ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ.

ಅದೇ 2018ರಲ್ಲಿ ನೀಲಿರೆಕ್ಕೆಯ ಖುದ್ರಿಯನ್ನು ಕೆಂಪು ಪಟ್ಟಿಯಲ್ಲಿ ‘ಚಿಂತೆ ಇಲ್ಲದ’ ಸಾಲಿಗೆ ಇಳಿಸಿದರು.

ಈ ಕತೆಯಲ್ಲಿ ನಾನು ಬಹಳ ದಿನ ಒಬ್ಬ ಖಳನಾಯಕನನ್ನು ಹುಡುಕಿದೆ. ಸಿಗಲಿಲ್ಲ. ಸಿಡಿಮದ್ದು ಎಸೆದು ಮಡುವನ್ನೇ ಖಾಲಿ ಮಾಡುವವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಅವನಿಗೂ ಇದರಲ್ಲಿ ಪಾಲಿದೆ, ಸಣ್ಣದೇನಲ್ಲ. ಆದರೆ ಮರಿ ಬಿಟ್ಟವರು ಹೊಳೆಗೆ ಕೈಮುಗಿದು ಬಿಟ್ಟಿರುತ್ತಾರೆ. ಅವರ ಮೇಲೆ ಹೇಗೆ ಸಿಟ್ಟಾಗುವುದು? ಅವರ ತಲೆಯಲ್ಲಿ ‘ಮಹಶೀರ್’ ಅನ್ನುವ ಒಂದೇ ಪದ ಇತ್ತು. ನನ್ನ ತಲೆಯಲ್ಲೂ ಅದೇ ಇತ್ತು. ಎರಡು ಪದ ಇದ್ದಿದ್ದು ಗೈಡಿಗೆ. ಅವರನ್ನು ಯಾರೂ ಕೇಳಲಿಲ್ಲ.

ಒಂದು ಮಾತು ಸೇರಿಸಬೇಕು. ನೀಲಿ ಮೀನು ಬಂದಿದ್ದಕ್ಕೇ ಗೂನುಮೀನು ಹೋಯಿತು ಅಂತ ಒಂದೇ ಗೆರೆ ಎಳೆಯುವುದು ಸರಿಯಲ್ಲ. ಹೊಳೆಗೆ ಬಿದ್ದ ಪೆಟ್ಟುಗಳು ಹಲವು. ಕೆಆರ್‌ಎಸ್, ಮೆಟ್ಟೂರು, ಕಬಿನಿ ಅಂತ ಒಂದೊಂದೇ ಅಣೆಕಟ್ಟು ಎದ್ದಾಗ ಮೇಲಕ್ಕೆ ಹತ್ತುವ ದಾರಿ ತುಂಡು ತುಂಡಾಯಿತು. ವ್ಯಾನ್ ಇಂಗೆನ್ ಮೀನು ಹಿಡಿದ ಕಬಿನಿಯಲ್ಲೂ ಒಂದು ಭಾಗ ಈಗ ಹಿನ್ನೀರು. ಮರಳು ತೆಗೆದ ಕಡೆ ಮೊಟ್ಟೆ ಇಡುವ ನೆಲವೂ ಹೋಯಿತು. ವಿದ್ಯುತ್ ಕೇಂದ್ರದಿಂದ ನೀರು ಬಿಟ್ಟಂತೆ ಹೊಳೆ ಏರುತ್ತದೆ, ಇಳಿಯುತ್ತದೆ. ಮಳೆಯ ಲೆಕ್ಕ ನಂಬಿಕೊಂಡ ಮೀನಿಗೆ ಇದು ಅರ್ಥವಾಗುವುದಿಲ್ಲ.

ನಾನಿರುವುದು ಬೆಂಗಳೂರಿನಲ್ಲಿ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬರುವುದು ಕಾವೇರಿ. ತೊರೆಕಾಡನಹಳ್ಳಿಯಿಂದ ಗುಡ್ಡ ಹತ್ತಿಸಿ ಪಂಪ್ ಮಾಡಿ ತಂದ ನೀರು. ಅದರಲ್ಲೇ ಹಲ್ಲುಜ್ಜಿ ಉಗಿಯುತ್ತೇನೆ. ಅದು ಮೋರಿಗೆ ಹೋಗಿ, ವೃಷಭಾವತಿಗೆ ಸೇರಿ, ಅಲ್ಲಿಂದ ಅರ್ಕಾವತಿಗೆ ಹೋಗಿ, ಸಂಗಮದಲ್ಲಿ ಮತ್ತೆ ಕಾವೇರಿಗೇ ಬಂದು ಬೀಳುತ್ತದೆ. ಸಂಗಮದಿಂದ ಕೆಳಗೆ ಮೇಕೆದಾಟು, ಹೊಗೇನಕಲ್. ಅದೂ ಈ ಮೀನಿನ ಹಳೆಯ ಮನೆಯೇ. ಈಗ ಮೇಕೆದಾಟಿನಲ್ಲಿ 67 ಟಿಎಂಸಿ ನೀರು ನಿಲ್ಲಿಸುವ ಅಣೆಕಟ್ಟಿನ ಮಾತು ನಡೆಯುತ್ತಿದೆ. ಅದು ಕಟ್ಟುವುದು ನಮ್ಮಂಥವರ ನಲ್ಲಿಗಾಗಿಯೇ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ನಿಂತವನಾಗಿ ಆ ಯೋಜನೆ ಬೇಡ ಅಂತ ಗಟ್ಟಿಯಾಗಿ ಕೂಗಲು ನನಗೆ ಬಾಯಿ ಬರುವುದಿಲ್ಲ. ಬೇಕು ಅನ್ನಲೂ ಬರುವುದಿಲ್ಲ. ಅಣೆಕಟ್ಟಿನ ಹಿಂದೆ ನಿಂತ ನೀರಿನಲ್ಲಿ ಗೂನುಮೀನು ಇರುವುದಿಲ್ಲ ಅನ್ನುವುದಂತೂ ಗೊತ್ತು.

ಗಾಳದ ಕ್ಯಾಂಪ್‌ಗಳು 2012ರ ಹೊತ್ತಿಗೆ ನಿಂತವು. ಅದು ಕಾವೇರಿ ವನ್ಯಧಾಮದ ಜಾಗ. ವನ್ಯಧಾಮದಲ್ಲಿ ಬೇಟೆ ಕೂಡದು, ಗಾಳ ಹಾಕುವುದೂ ಬೇಟೆಯೇ ಅನ್ನುವುದು ವಾದ. ಕಾನೂನಿನ ಮಾತಾಗಿ ಒಪ್ಪಬಹುದು. ಬಾಯಿಗೆ ಕೊಕ್ಕೆ ಚುಚ್ಚಿ, ಸುಸ್ತು ಮಾಡಿ, ಫೋಟೋ ತೆಗೆದು ಬಿಡುವುದನ್ನು ಪ್ರೀತಿ ಅಂತ ಕರೆಯಲು ಈಗ ನನಗೂ ನಾಚಿಕೆ. ಆದರೆ ಕ್ಯಾಂಪ್ ಇದ್ದಾಗ ಹೊಳೆಯಲ್ಲಿ ಹಗಲೂ ರಾತ್ರಿ ಕಣ್ಣುಗಳಿದ್ದವು. ಅದರಲ್ಲಿ ಕೆಲವು ಕಣ್ಣು ಮೊದಲು ಕಳ್ಳಬಲೆ ಹಾಕಿದವರವೇ. ಎಲ್ಲಿ ಬಲೆ ಬೀಳುತ್ತದೆ, ಯಾವ ಮಡುವಿಗೆ ಮದ್ದು ಎಸೆಯುತ್ತಾರೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕ್ಯಾಂಪ್ ಹೋದಾಗ ಆ ಕಣ್ಣುಗಳೂ ಹೋದವು, ದಿನದ ಲೆಕ್ಕ ಬರೆಯುವುದೂ ನಿಂತಿತು. ಗಾಳ ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಕಾವಲನ್ನೂ ಜೊತೆಗೇ ನಿಲ್ಲಿಸಿದ್ದು ತಪ್ಪು.

ಈಗ ಈ ಮೀನಿಗೆ ದೊಡ್ಡ ಆಸರೆ ಮೋಯಾರ್. ಬಂಡೀಪುರಕ್ಕೂ ಮುದುಮಲೆಗೂ ನಡುವೆ ಆಳವಾದ ಕಂದರದಲ್ಲಿ ಹರಿಯುವ ಹೊಳೆ. ಆನೆ, ಹುಲಿಗಳಿಗಾಗಿ ಬೇಲಿ ಹಾಕಿದ ಕಾಡಿನಲ್ಲಿ ಮೀನಿಗೂ ಒಂದಿಷ್ಟು ನೀರು ಸಿಕ್ಕಿದೆ. ಸಾವಿರಾರು ಜನ ಹುಲಿ ನೋಡಲು ಆ ದಾರಿಯಲ್ಲಿ ಹೋಗುತ್ತಾರೆ. ನಾನೂ ಎರಡು ಸಲ ಹೋಗಿದ್ದೇನೆ. ಜೀಪಿನಲ್ಲಿದ್ದ ಯಾರೂ ಹೊಳೆಯ ಕಡೆ ತಿರುಗಿ ನೋಡಲಿಲ್ಲ. ನಾನೂ ನೋಡಲಿಲ್ಲ.

ಫೋಟೋ ಇನ್ನೂ ಗೋಡೆಯ ಮೇಲೇ ಇದೆ. ತೆಗೆದುಬಿಡೋಣ ಅಂತ ಒಮ್ಮೆ ಮೊಳೆಯಿಂದ ಇಳಿಸಿದ್ದೆ. ಹಿಂದೆ ಗೋಡೆಯ ಬಣ್ಣ ಬೇರೆಯೇ ಇತ್ತು, ಚೌಕಾಕಾರದ ಕಲೆ. ಮತ್ತೆ ನೇತುಹಾಕಿದೆ. ಯಾರಾದರೂ ಕೇಳಿದರೆ ಈಗ ಪೂರ್ತಿ ಕತೆ ಹೇಳುತ್ತೇನೆ. ಕಾಫಿ ಆರಿಹೋಗುತ್ತದೆ. ಹೆಂಡತಿ ಒಳಗಿಂದ ‘ಶುರುವಾಯ್ತು’ ಅನ್ನುತ್ತಾಳೆ.

ಹೋದ ವರ್ಷ ಗೈಡಿನ ಫೋನ್ ನಂಬರ್ ಹೇಗೋ ಸಿಕ್ಕಿತು. ಅವರ ಮೊಮ್ಮಗನ ನಂಬರ್. ಅವನು ಫೋನನ್ನು ಅಜ್ಜನ ಕಿವಿಗಿಟ್ಟ. ನನ್ನ ನೆನಪು ಅವರಿಗೆ ಇರಲಿಲ್ಲ. ಇರಬೇಕು ಅಂತಲೂ ಇಲ್ಲ, ನನ್ನಂಥವರು ಎಷ್ಟೋ ಜನ ಬಂದುಹೋಗಿರುತ್ತಾರೆ. ಎಂಟು ಕಿಲೋ ಮೀನು ಅಂದೆ. ‘ಎಂಟು ಕಿಲೋ ಏನ್ ಮಹಾ ಸಾ’ ಅಂದರು.

‘ಯಜಮಾನ್ರೇ, ಗೂನುಮೀನು ಕೊನೆಗೆ ಯಾವಾಗ ಕಂಡ್ರಿ?’ ಅಂತ ಕೇಳಿದೆ.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಇಸವಿ ಹೇಳಲಿಲ್ಲ. ‘ನಮ್ ದೊಡ್ಡ ಮಗಳು ಮದ್ವೆ ಆದ ವರ್ಸ’ ಅಂದರು. ಪಕ್ಕದಲ್ಲಿದ್ದ ಮೊಮ್ಮಗ ನಕ್ಕ. ಅವನೇ ಆ ಮಗಳ ಮಗ ಅಂತೆ, ಈಗ ಡಿಗ್ರಿ ಓದುತ್ತಿದ್ದಾನೆ.

‘ಆಮ್ಯಾಕೆ ಇಲ್ಲ ಸಾ. ಇದ್ರೂ ಇರ್ಬೋದು, ದೊಡ್ಡ ಮಡು ಒಳಗೆ. ಅವು ಸುಮ್ನೆ ಮ್ಯಾಲಕ್ಕೆ ಬರಕಿಲ್ಲ. ಒಂದಪ ಬನ್ನಿ. ಗಾಳ ಗೀಳ ಏನೂ ಬ್ಯಾಡ. ಬಂಡೆ ಮ್ಯಾಲೆ ಕುಂತ್ಕೊಂಡು ನೋಡೋಣ.’